ಮಾವನ ವಾಚಿಗೆ ನಾಲ್ಕನೇ ಮುಳ್ಳು

"ಇನ್ನು ಮುಂದೆ ಈ ಮನೆಯ ಯಾವ ಯಂತ್ರವೂ ರಿಪೇರಿ ಅಂಗಡಿಯ ಮೆಟ್ಟಿಲು ಹತ್ತಕೂಡದು! ಎಲ್ಲಕ್ಕೂ ನಾನಿದ್ದೇನೆ!"

ಭಾನುವಾರ ಬೆಳಿಗ್ಗೆ ನಾನು ಹೀಗೆ ಘೋಷಿಸಿದಾಗ ನನ್ನವಳು ಹೊಲಿಗೆ ಯಂತ್ರದಿಂದ ತಲೆಯನ್ನೇ ಎತ್ತಲಿಲ್ಲ. ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ತೆಗೆದು ಇಷ್ಟೇ ಅಂದಳು:

"ಸರಿ. ನಲ್ಲಿಗಾದ ಗತಿ ವಾಚಿಗೂ ಆಗ್ಲಿ."

ನಲ್ಲಿಯ ಕಥೆ ಬಿಡಿ, ಅದು ಈಗಲೂ ಸೋರುತ್ತಿದೆ. ವಾಚಿನದು ಹಾಗಲ್ಲ, ಅದು ನನ್ನ ಮಾನದ ಪ್ರಶ್ನೆ! ನಮ್ಮ ಮಾವ ರೈಲಿನಲ್ಲಿ ಗಾರ್ಡ್ ಆಗಿದ್ದವರು. ನಿವೃತ್ತರಾದ ಮೇಲೂ ಗಡಿಯಾರ ನೋಡಿಯೇ ಆಕಳಿಸುವ ಜಾತಿ. ಇಬ್ಬರು ಅಳಿಯಂದಿರಿಗೂ ಮದುವೆಯಲ್ಲಿ ಕೀ ಕೊಡುವ ವಾಚು ಕಟ್ಟಿದ್ದರು. ನನ್ನ ಷಡ್ಡಕ ತನ್ನದನ್ನು ನೀರಿಗೆ ಬೀಳಿಸಿ ಕೆಡಿಸಿದಾಗ ಮಾವ ಅವನ ಕೈಯಿಂದ ಅದನ್ನು ಬಿಚ್ಚಿಕೊಂಡು ಹೋದರು. ಅಂದಿನಿಂದ ಅವನು ನೆಂಟರ ಮುಂದೆ ಎಡಗೈಯನ್ನು ಜೇಬಿನಿಂದ ಹೊರಗೆ ತೆಗೆದಿಲ್ಲ.

ಅದೇ ಮಾವ ಇವತ್ತು ಸಂಜೆ ಐದರ ರೈಲಿಗೆ ಬರುತ್ತಿದ್ದರು. ನನ್ನ ವಾಚೋ, ಹುಚ್ಚುನಾಯಿ ಅಟ್ಟಿಸಿಕೊಂಡು ಬಂದ ಹಾಗೆ ಓಡುತ್ತಿತ್ತು! ಬೆಳಿಗ್ಗೆ ಸರಿಮಾಡಿದರೆ ಸಂಜೆಗೆ ಅರ್ಧ ಗಂಟೆ ಮುಂದೆ. ಮಾವ ಬಂದಿಳಿದರೆ ಮೊದಲು ಕೇಳುವುದು ಕ್ಷೇಮಸಮಾಚಾರವಲ್ಲ, "ಅಳಿಯಂದಿರೇ, ಗಂಟೆ ಎಷ್ಟು?"

ಮೊದಲು ಶೀತೋಪಚಾರ ಮಾಡಿದೆ. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಕೂಗು ಬಂತು.

"ರೀ! ಫ್ರಿಜ್ಜಲ್ಲಿ ಹಾಲು ಟಿಕ್‌ಟಿಕ್ ಅಂತಿದೆ!"

"ಅದು ವಾಚು ಕಣೇ. ಚಳಿಗೆ ಎಂಥವರೂ ನಿಧಾನ ಆಗ್ತಾರೆ."

"ನೀವು ಚಳೀಲಿ ಏಳೋದೇ ಇಲ್ಲ. ಅದೂ ನಿಮ್ಮ ಹಾಗೇ ಮಲಗಿಬಿಟ್ರೆ?"

ವಾಚು ಮಲಗಲಿಲ್ಲ, ಚಳಿಗೆ ಮೈ ಬಿಸಿಮಾಡಿಕೊಳ್ಳಲೋ ಎಂಬಂತೆ ಓಡುತ್ತಲೇ ಇತ್ತು. ಇನ್ನು ಶಸ್ತ್ರಚಿಕಿತ್ಸೆಯೊಂದೇ ದಾರಿ! ತರಕಾರಿ ಹೆಚ್ಚುವ ಚಾಕುವಿನ ತುದಿಯಿಂದ ಬೆನ್ನಿನ ಮುಚ್ಚಳ ಎಬ್ಬಿಸಿದೆ. ಒಳಗೆ ಹಲ್ಲು ಹಲ್ಲಿನ ಚಕ್ರಗಳು, ನಡುವೆ ಕೂದಲೆಳೆಯಂಥ ಸುರುಳಿ, ಪಕ್ಕದಲ್ಲೊಂದು ಪುಟ್ಟ ಕಡ್ಡಿ. ಕಡ್ಡಿಯ ಒಂದು ಬದಿಗೆ ಕೂಡುವ ಗುರುತು, ಇನ್ನೊಂದು ಬದಿಗೆ ಕಳೆಯುವ ಗುರುತು. ನಾನು ಗಣಿತದ ಮೇಷ್ಟ್ರು! ಹಸಿದವನ ಮುಂದೆ ಎಲೆ ಹಾಕಿದಂತಾಯಿತು.

ನನ್ನವಳು ಹೆಗಲ ಮೇಲಿಂದ ಇಣುಕಿದಳು. "ಓಟ ಹೆಚ್ಚಾಗಿದೆ ಅಂದ್ರೆ ಕಳೀಬೇಕು ಅಲ್ವೇನ್ರೀ?"

"ಅಲ್ಲೇ ನೀನು ಎಡವೋದು! ಇದು ಒಂದು ಗಂಟೇನ ಗಂಟೆ ಆಗೋಕೆ ಮೊದ್ಲೇ ಮುಗಿಸ್ತಿದೆ. ಅಂದ್ರೆ ಪ್ರತಿ ಗಂಟೇಲೂ ನಿಮಿಷ ಕಡಿಮೆ ಬೀಳ್ತಿದೆ. ಕಡಿಮೆ ಬಿದ್ದದ್ದನ್ನ ಏನ್ಮಾಡ್ಬೇಕು? ಕೂಡಿಸ್ಬೇಕು!"

"ನಿಮ್ಮ ಹತ್ರ ಓದೋ ಮಕ್ಕಳನ್ನ ದೇವರೇ ಕಾಪಾಡ್ಲಿ."

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕಂತೆ. ಅವಳದೇ ಒಂದು ಸೂಜಿ ತೆಗೆದುಕೊಂಡು ಕಡ್ಡಿಯನ್ನು ಕೂಡುವ ಬದಿಗೆ ಧಾರಾಳವಾಗಿ ತಳ್ಳಿದೆ. ತಳ್ಳಿದ ರಭಸಕ್ಕೆ ಎಳ್ಳಿನಷ್ಟು ದಪ್ಪದ ತಿರುಪೊಂದು ಹಾರಿ ನೆಲಕ್ಕೆ ಬಿತ್ತು. ಮಂಚದ ಕೆಳಗೆ ಅಂಬೆಗಾಲಿಟ್ಟೆ. ಸಿಕ್ಕಿದ್ದು ಕಳೆದ ವರ್ಷ ಕಳೆದುಹೋದ ಕಾಲುಚೀಲ ಮಾತ್ರ. ಆಗ ಹೊಳೆಯಿತು, ನನ್ನವಳು ನೆಲಕ್ಕೆ ಚೆಲ್ಲಿದ ಗುಂಡುಸೂಜಿ ಹೆಕ್ಕುವ ಅಯಸ್ಕಾಂತ! ಅದನ್ನು ನೆಲದುದ್ದಕ್ಕೂ ಆಡಿಸಿದೆ. ನಾಲ್ಕಾರು ಗುಂಡುಸೂಜಿಗಳ ಜೊತೆ ತಿರುಪೂ ಅಂಟಿಕೊಂಡು ಬಂತು. ಗೆದ್ದ ಖುಷಿಯಲ್ಲಿ ಅಯಸ್ಕಾಂತವನ್ನು ವಾಚಿನ ನೆತ್ತಿಯ ಮೇಲೇ ಹಿಡಿದು ತಿರುಪನ್ನು ಬಿಡಿಸತೊಡಗಿದೆ.

"ರೀ, ಆ ಅಯಸ್ಕಾಂತ ವಾಚಿನ ಹತ್ರ ಹಿಡೀಬೇಡ್ರೀ! ಒಳಗಿರೋದೆಲ್ಲ ಉಕ್ಕು."

"ವಾಚೇನು ಗುಂಡುಸೂಜೀನಾ? ಸುಮ್ನಿರು!"

ತಿರುಪನ್ನು ಮತ್ತೆ ಕೂರಿಸಿ, ಮುಚ್ಚಳ ಒತ್ತಿ, ಗೋಡೆ ಗಡಿಯಾರ ನೋಡಿ ಸಮಯ ಇಟ್ಟು, ಕೈಗೆ ಕಟ್ಟಿಕೊಂಡೆ. ಟಿಕ್‌ಟಿಕ್ ಅನ್ನುತ್ತಿದ್ದದ್ದು ಈಗ ಟಿಟಿಟಿಟಿ ಅನ್ನುತ್ತಿತ್ತು. ಆರೋಗ್ಯದ ಲಕ್ಷಣ ಎಂದುಕೊಂಡು ಉಂಡು ಮಲಗಿದೆ.

ಎದ್ದಾಗ ವಾಚಿನಲ್ಲಿ ನಾಲ್ಕೂವರೆ! ನನ್ನವಳು ಹೊಲಿದ ಬಟ್ಟೆ ಕೊಡಲು ಪಕ್ಕದ ಬೀದಿಗೆ ಹೋಗಿದ್ದಳು. ಗೋಡೆ ಗಡಿಯಾರದಲ್ಲಿ ಇನ್ನೂ ಮೂರು. ಪಾಪ, ಅದಕ್ಕೂ ವಯಸ್ಸಾಯಿತು, ನಾಳೆ ಅದಕ್ಕೂ ಚಿಕಿತ್ಸೆ ಮಾಡೋಣ ಎಂದು ಚಪ್ಪಲಿ ಮೆಟ್ಟಿ ಓಡಿದೆ. ಸ್ಟೇಷನ್ನಿನ ದೊಡ್ಡ ಗಡಿಯಾರವೂ ಹಿಂದಿತ್ತು. ಊರಿನ ಗಡಿಯಾರಗಳೆಲ್ಲ ಕೆಟ್ಟು ನನ್ನದೊಂದೇ ಸರಿಯಾಗಿರುವುದು ಕಂಡು ಎದೆಯುಬ್ಬಿತು.

ಕಾದೆ, ಕಾದೆ. ನನ್ನ ವಾಚಿನಲ್ಲಿ ಐದೂವರೆಯಾಯಿತು. ಟಿಕೆಟ್ ಕಿಟಕಿಗೆ ನುಗ್ಗಿದೆ.

"ಐದರ ರೈಲು ಯಾಕ್ರೀ ಇನ್ನೂ ಬಂದಿಲ್ಲ?"

"ಐದಕ್ಕೆ ಬರತ್ತೆ ಸಾರ್."

"ಐದಾಗಿ ಯಾವ ಕಾಲ ಆಯ್ತು!"

"ಆ ಗಡಿಯಾರ ನೋಡಿ ಸಾರ್."

"ಅದನ್ನೇನು ನೋಡೋದು? ಗೋಡೆಗೆ ಒರಗಿ ನಿದ್ದೆ ಮಾಡ್ತಿದೆ ಅದು!"

ನನ್ನ ಗಂಟಲು ತರಗತಿಯ ಕೊನೇ ಬೆಂಚಿಗೂ ಮುಟ್ಟುವಂಥದ್ದು. "ಅಯ್ಯೋ, ನಮ್ಮ ರೈಲು ಹೋಗಿಬಿಡ್ತಾ?" ಎಂದು ಒಬ್ಬಾಕೆ ಚೀಲ ಎತ್ತಿದಳು. ಅವಳನ್ನು ನೋಡಿ ಇನ್ನಿಬ್ಬರು, ಅವರನ್ನು ನೋಡಿ ಹತ್ತು ಮಂದಿ. ಪೆಟ್ಟಿಗೆ ಹೊತ್ತವರು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ! ಜನರನ್ನು ಸಮಾಧಾನ ಮಾಡಲು ನಾನು ಬೆಂಚು ಹತ್ತಿದೆ. ಮೇಷ್ಟ್ರು ಎತ್ತರದಲ್ಲಿ ನಿಂತ ಮೇಲೆ ಕೇಳಬೇಕೆ? ಸಮಯಪಾಲನೆಯ ಮಹತ್ವದ ಮೇಲೆ ಭಾಷಣವೇ ಶುರುವಾಯಿತು.

ಭಾಷಣ ರಂಗೇರಿದ್ದಾಗ ರೈಲು ಬಂತು. ದೊಡ್ಡ ಗಡಿಯಾರದಲ್ಲಿ ಸರಿಯಾಗಿ ಐದು. ಮಾವ ಇಳಿದರು. ಸ್ಟೇಷನ್ ಮಾಸ್ಟರ್ ಅವರ ಗುರುತು ಹಿಡಿದು ಓಡಿಬಂದು ಸಲಾಮು ಹೊಡೆದರು.

"ಸ್ವಲ್ಪ ಗಲಾಟೆ ಸಾರ್, ಬೇಜಾರಾಗ್ಬೇಡಿ. ಯಾರೋ ತಲೆಕೆಟ್ಟವನು ಬೆಂಚು ಹತ್ತಿದಾನೆ."

ಮಾವ ಕತ್ತೆತ್ತಿ ನೋಡಿದರು. "ನಮ್ಮ ಅಳಿಯ," ಅಂದರು. ನನ್ನನ್ನೊಮ್ಮೆ ಅಡಿಯಿಂದ ಮುಡಿವರೆಗೆ ಅಳೆದು, "ನೀವು ಹೇಳಿದ್ದೂ ಸುಳ್ಳಲ್ಲ," ಅಂದರು.

ಬೆಂಚಿನಿಂದ ಇಳಿದೆ.

"ಅಳಿಯಂದಿರೇ, ಗಂಟೆ ಎಷ್ಟು?"

"ಏಳು... ದಾಟಿದೆ ಮಾವ."

ಎದುರಿಗೆ ಬಿಸಿಲು ಸುಡುತ್ತಿತ್ತು. ಮಾವ ನನ್ನ ಕೈ ಹಿಡಿದು ವಾಚನ್ನು ಕಣ್ಣಿನ ಹತ್ತಿರ ತಂದರು. ಅದರ ಅಂಚಿಗೆ ಗುಂಡುಸೂಜಿಯೊಂದು ಅಂಟಿಕೊಂಡು ನೆಟ್ಟಗೆ ನಿಂತಿತ್ತು!

"ಗಂಟೆ ಮುಳ್ಳು, ನಿಮಿಷದ ಮುಳ್ಳು, ಸೆಕೆಂಡಿನ ಮುಳ್ಳು ನಾನು ಕೊಟ್ಟಿದ್ದು. ಈ ನಾಲ್ಕನೇ ಮುಳ್ಳು ಯಾರು ಕೊಟ್ರು?"

ಇಬ್ಬರೂ ಮನೆಗೆ ಬಂದೆವು. ಜಗಲಿ ಹತ್ತುತ್ತಲೇ ಮಾವ ವಾಚು ಬಿಚ್ಚಿಸಿಕೊಂಡು ಜೇಬಿಗಿಳಿಸಲು ಹೊರಟರು. ನನ್ನ ಎಡಗೈ ತಾನಾಗಿಯೇ ಜೇಬು ಹುಡುಕತೊಡಗಿತು. ಅಷ್ಟರಲ್ಲಿ ನನ್ನವಳು ಅಡ್ಡ ಬಂದಳು.

"ಅಪ್ಪಾ, ಅದು ಈ ಮನೇದು. ಮನೇಲೇ ಇರ್ಲಿ, ಕೊಡಿ ಇಲ್ಲಿ."

ನನ್ನ ಕಣ್ಣು ತುಂಬಿ ಬಂತು. ಎಷ್ಟೇ ಆಡಿಕೊಳ್ಳಲಿ, ಕೊನೆಗೆ ಕೈಹಿಡಿದವಳೇ ಮಾನ ಉಳಿಸುವುದು!

ಮಾರನೆಯ ದಿನ ಅವಳು ಅದನ್ನು ಅಂಗಡಿಗೆ ಒಯ್ದು, ಅಯಸ್ಕಾಂತದ ದೋಷ ತೆಗೆಸಿ, ಕಡ್ಡಿ ಕಳೆಯುವ ಬದಿಗೆ ತಳ್ಳಿಸಿ ತಂದಳು. ನಾನು ಕೃತಜ್ಞತೆಯಿಂದ ಮುಂಗೈ ಚಾಚಿದೆ. ಅವಳು ಚಾಚಿದ ಕೈಗೆ ಚಹಾದ ಲೋಟ ಕೊಟ್ಟು, ವಾಚನ್ನು ತನ್ನ ಕೈಗೆ ಕಟ್ಟಿಕೊಂಡಳು. ಮಾವ "ಭೇಷ್!" ಅಂದರು.

ಈಗ ಶಾಲೆಯಲ್ಲಿ ಯಾರಾದರೂ "ಮೇಷ್ಟ್ರೇ, ಗಂಟೆ ಎಷ್ಟು?" ಎಂದರೆ ನಾನು ಎಡಗೈಯನ್ನು ಜೇಬಿನಿಂದ ತೆಗೆಯದೆ ಗಂಭೀರವಾಗಿ ಹೇಳುತ್ತೇನೆ:

"ಇರಿ, ಮನೇಲಿ ಒಂದು ಮಾತು ಕೇಳಿ ಹೇಳ್ತೀನಿ!"