ಮಾವನಿಗೆ ಬಡಿಸಿದ ಕಾಕ್‌ಟೇಲ್

ಬಹರೈನಿನಿಂದ ರಜೆಯಲ್ಲಿ ಬಂದ ಸಂಕಪ್ಪ ಒಂದು ಘೋರ ಪ್ರತಿಜ್ಞೆ ಮಾಡಿದ. ಬಂಟ್ವಾಳದ ಈ ಅತ್ತೆಮನೆಯಲ್ಲಿ ಇನ್ನು ಯಾರೂ ಬ್ರಾಂಡಿಗೆ ಬರೀ ನೀರು ಬೆರೆಸಿ ಕುಡಿಯಕೂಡದು! ಕುಡಿದರೆ ಕಾಕ್‌ಟೇಲ್ ಕುಡಿಯಬೇಕು, ಅದೂ ಸಂಕಪ್ಪನ ಕೈಯದ್ದೇ ಆಗಿರಬೇಕು!

"ಅದೊಂದು ವಿದ್ಯೆ ಮಾರಾಯ್ತಿ," ಎಂದ ಹೆಂಡತಿ ಕುಸುಮಳಿಗೆ.

"ನೀವು ಅಲ್ಲಿ ಹೋಟೆಲಿನ ಬಾರಿಗೆ ಐಸ್ ಹೊರುವವರಲ್ಲವಾ?"

"ಐಸ್ ಇಟ್ಟು ಬರುವಾಗ ಕಣ್ಣು ಮುಚ್ಚಿಕೊಂಡು ಬರ್ತೇನಾ? ನಾಲ್ಕು ವರ್ಷ ನೋಡಿದ್ದೇನೆ!"

"ನಾನು ಎಷ್ಟೋ ವರ್ಷದಿಂದ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಮೂಡುಬಿದಿರೆಗೆ ಹೋಗ್ತೇನೆ. ನಾಳೆ ಸ್ಟಿಯರಿಂಗ್ ಕೊಡ್ತಾರಾ?"

ವಿದ್ಯಾವಂತರು ಇಂಥ ಮಾತಿಗೆ ಉತ್ತರ ಕೊಡುವುದಿಲ್ಲ. ಸಂಕಪ್ಪ ಲಿಂಬೆ ಹುಡುಕಲು ಹೊರಟ.

ಅದು ಸ್ವಾತಂತ್ರ್ಯಕ್ಕೆ ಐವತ್ತು ತುಂಬಿದ ವರ್ಷ. ತುಳುವರ ಆಟಿ ತಿಂಗಳು ಮುಗಿಯುತ್ತ ಬಂದಿತ್ತು. ತೀರಿಹೋದ ಹಿರಿಯರಿಗೆ ಬಡಿಸುವ ಕ್ರಮ ಆ ತಿಂಗಳೊಳಗೆ ಆಗಬೇಕು. ಎಲ್ಲರಿಗೂ ರಜೆ ಇರುತ್ತದೆಂದು ಆಗಸ್ಟ್ ಹದಿನೈದನ್ನೇ ಗೊತ್ತುಮಾಡಿದ್ದರು. ಬಡಿಸಬೇಕಾದದ್ದು ಕುಸುಮಳ ತಂದೆ, ಅಂದರೆ ಸಂಕಪ್ಪನ ಮಾವ ಧರ್ಣಪ್ಪನವರಿಗೆ. ಹಿಂದಿನ ವರ್ಷ ಕೋಳಿಸಾರಿಗೆ ಉಪ್ಪು ಹೆಚ್ಚಾಗಿತ್ತು. ಆ ಸಿಟ್ಟಿಗೆ ಅವರು ಅತ್ತೆಯ ಕನಸಿನಲ್ಲಿ ಬಂದು ಎಲೆ ದೂಡಿ ಎದ್ದುಹೋಗಿದ್ದರಂತೆ. ಅಂದಿನಿಂದ ಅತ್ತೆಗೆ ಸರಿಯಾಗಿ ನಿದ್ದೆಯಿಲ್ಲ. "ಈ ಸಲವಾದರೂ ಅವರು ತೃಪ್ತಿಯಾಗಿ ಹೋದರೆ ಸಾಕು," ಎಂದು ಬೆಳಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಮಧ್ಯಾಹ್ನ ಹೆಂಗಸರು ಮಸಾಲೆ ಅರೆಯುವ ಗಡಿಬಿಡಿಯಲ್ಲಿದ್ದಾಗ ಸಂಕಪ್ಪ ಹಿಂದಿನ ಕೋಣೆಯಲ್ಲಿ ಪ್ರಯೋಗಶಾಲೆ ತೆರೆದ. ಅಕ್ಕಿಡಬ್ಬದ ಹಿಂದೆ ಒಂದು ಕ್ವಾರ್ಟರ್ ಬ್ರಾಂಡಿ ಸಿಕ್ಕಿತು. ನೆಂಟರಿಗೆಂದೇ ಇಟ್ಟದ್ದು ಎಂದು ತಾನೇ ತೀರ್ಮಾನಿಸಿದ. ಮಗಳು ದೀಕ್ಷಿತಾ ಶಾಲೆಗೆ ಒಯ್ಯುವ ನೀರಿನ ಬಾಟಲಿಗೆ ಅದನ್ನು ಪೂರ್ತಿ ಸುರಿದ. ಕಡುಗೆಂಪು ಪುನರ್ಪುಳಿ ಶರಬತ್ತು, ಲಿಂಬೆ, ಜಜ್ಜಿದ ಶುಂಠಿ ಸೇರಿದವು. ಮೇಲಿಂದ ಗೋಲಿ ಸೋಡಾ! ಮುಚ್ಚಳ ಬಿಗಿದು, ಬಾರಿನವರ ಠೀವಿಯಲ್ಲಿ ಕಿವಿಯ ಹತ್ತಿರ ಹಿಡಿದು ಕುಲುಕಿದ. ಸೋಡಾ ಹಾಕಿದ ಮೇಲೆ ಕುಲುಕಬಾರದೆಂಬ ಪಾಠ ನಡೆದ ದಿನ ಅವನು ಐಸ್ ತರಲು ಹೋಗಿದ್ದಿರಬೇಕು.

ಢಬ್!

ಮುಚ್ಚಳ ಮಾಡಿನ ಹಂಚಿಗೆ ಬಡಿಯಿತು. ಕಾಕ್‌ಟೇಲು ಗೋಡೆಗೆ, ಕ್ಯಾಲೆಂಡರಿಗೆ, ಬಿಳಿ ಪಂಚೆಗೆ ಸಮನಾಗಿ ಹಂಚಿಹೋಯಿತು. ಕುಸುಮ ಓಡಿಬಂದಳು.

"ಅಯ್ಯೋ ದೇವರೇ, ರಕ್ತ!"

"ರಕ್ತ ಅಲ್ಲ. ಪುನರ್ಪುಳಿ."

ಅಷ್ಟರಲ್ಲಿ ಅವಳ ಕಣ್ಣು ಖಾಲಿ ಬ್ರಾಂಡಿ ಬಾಟಲಿಯ ಮೇಲೆ ಬಿತ್ತು. "ಅದು ಅಪ್ಪನಿಗೆ ಬಡಿಸಲಿಕ್ಕೆ ಇಟ್ಟದ್ದು!"

"ಈಗಲೇ ಬಿ.ಸಿ.ರೋಡ್ ಪೇಟೆಗೆ ಹೋಗಿ ಬೇರೆ ತರ್ತೇನೆ."

"ಇವತ್ತು ಯಾವ ಅಂಗಡಿ ತೆರೆದಿರ್ತದೆ? ಆಗಸ್ಟ್ ಹದಿನೈದು!"

ದೇಶಕ್ಕೆ ಬಿಡುಗಡೆ ಸಿಕ್ಕಿದ ದಿನವೇ ಬಾಟಲಿಗಳಿಗೆ ಬಂಧನ! ನೆರೆಯಲ್ಲಿ ಕೇಳೋಣವೆಂದರೆ ಒಂದು ಕಡೆ ಮೂಸಬ್ಬ ಬ್ಯಾರಿಯ ಮನೆ, ಇನ್ನೊಂದು ಕಡೆ ಜೈನ ಮೇಷ್ಟ್ರ ಮನೆ. ಬ್ರಾಂಡಿ ಹುಟ್ಟುವ ಜಾಗಗಳೇ ಅಲ್ಲ.

ಸಂಕಪ್ಪ ನೀರಿನ ಬಾಟಲಿಯನ್ನು ಬಗ್ಗಿಸಿ ನೋಡಿದ. ತಳದಲ್ಲಿ ಒಂದಿಷ್ಟು ಉಳಿದಿತ್ತು. ಅದನ್ನು ಸ್ಟೀಲ್ ಲೋಟಕ್ಕೆ ಹಾಕಿ, ಶರಬತ್ತು ಸುರಿದು ಕಂಠದವರೆಗೆ ತುಂಬಿಸಿದ.

"ದೊಡ್ಡ ಮಾವನಿಗೆ ಗೊತ್ತಾದರೆ?" ಎಂದಳು ಕುಸುಮ.

"ಸ್ಟೀಲ್ ಲೋಟದಲ್ಲಿ ಬಣ್ಣ ಯಾರಿಗೆ ಕಾಣ್ತದೆ? ನೀನು ಸುಮ್ಮನಿರು."

ದೊಡ್ಡ ಮಾವ ಎಂದರೆ ಅತ್ತೆಯ ಅಣ್ಣ ಚನಿಯಪ್ಪನವರು. ಬೆಳ್ತಂಗಡಿಯಿಂದ ಸಂಜೆಯ ಬಸ್ಸಿಗೆ ಬಂದಿಳಿದರು. ಕ್ರಮದಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಕುಟುಂಬದವರೆಲ್ಲರ ಎದುರಿಗೇ ನೀರಿಳಿಸುವವರು. ಒಳಕೋಣೆಯಲ್ಲಿ ದೀಪ ಹಚ್ಚಿ, ಬಾಳೆಲೆಯಲ್ಲಿ ರೊಟ್ಟಿ, ಕೋಳಿಸಾರು ಬಡಿಸಿ, ಪಕ್ಕದಲ್ಲಿ ಲೋಟ ಇಟ್ಟು, ಬಾಗಿಲು ಎಳೆದುಕೊಂಡು ಬಂದರು. ಹಿರಿಯರು ಉಂಡು ಏಳುವ ತನಕ ಎಲ್ಲರೂ ಹೊರಗೆ ಮೌನವಾಗಿ ಕಾಯಬೇಕು.

ಸಂಕಪ್ಪ ಮಾತ್ರ ಮನಸ್ಸಿನಲ್ಲೇ ಬೇಡಿಕೊಂಡ. 'ಮಾವ, ಇದೊಂದು ಸಲ ಸುಧಾರಿಸಿಕೊಳ್ಳಿ. ಅತ್ತೆಯ ಕನಸಿಗೆ ಮಾತ್ರ ಹೋಗಬೇಡಿ. ಮುಂದಿನ ಸಲ ಫಾರಿನ್ ಬಾಟಲಿಯೇ ತರ್ತೇನೆ!'

ಸ್ವಲ್ಪ ಹೊತ್ತಾದ ಮೇಲೆ ಚನಿಯಪ್ಪನವರು ಬಾಗಿಲು ತಟ್ಟಿ ಒಳಗೆ ಹೋದರು. ಲೋಟ ತಂದು, ಕ್ರಮದಂತೆ ಮೊದಲ ಗುಟುಕು ಕುಡಿದರು. ಹುಬ್ಬು ಗಂಟಾಯಿತು. ಇನ್ನೊಂದು ಗುಟುಕು ಕುಡಿದರು.

"ಸಂಕಪ್ಪ, ಇದಕ್ಕೆ ಎಂಥ ಹಾಕಿದ್ದು?"

"ಬ್ರಾಂಡಿ, ಮಾವ... ಸ್ವಲ್ಪ ಶರಬತ್ತೂ ಉಂಟು."

"ಶರಬತ್ತು ಉಂಟು. ಬ್ರಾಂಡಿ ಎಲ್ಲಿ?"

ಕುಸುಮ ಸೆರಗನ್ನು ಬಾಯಿಗೆ ಹಿಡಿದಳು. ಅತ್ತೆಯ ಮುಖ ಬಿಳುಚಿತು. ಚನಿಯಪ್ಪನವರು ಒಳಗಿನ ಎಲೆಯನ್ನೊಮ್ಮೆ, ಕೈಯಲ್ಲಿದ್ದ ಲೋಟವನ್ನೊಮ್ಮೆ ನೋಡಿದರು. ತಟ್ಟನೆ ಅವರ ಮುಖ ಅರಳಿತು.

"ತಂಗೀ! ಭಾವ ಬಂದಿದ್ದಾರೆ! ಬ್ರಾಂಡಿಯನ್ನು ಮಾತ್ರ ಕುಡಿದು ಶರಬತ್ತನ್ನು ನಮಗೆ ಬಿಟ್ಟಿದ್ದಾರೆ!"

ಅತ್ತೆ ಎರಡೂ ಕೈ ಮುಗಿದರು. "ಶರಬತ್ತು ಅವರಿಗೆ ಮೊದಲಿಂದಲೂ ಆಗ್ತಿರಲಿಲ್ಲ ಅಣ್ಣ," ಎಂದು ಅಳುತ್ತಲೇ ನಕ್ಕರು. ವರ್ಷದ ಮೇಲೆ ಅವರ ಮುಖದಲ್ಲಿ ಅಂಥ ನೆಮ್ಮದಿ ಕಂಡಿತು. ಸಂಕಪ್ಪನಿಗೆ ಹೋದ ಜೀವ ಬಂತು.

ಬಂದ ಜೀವ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. "ದೀಕ್ಷಿತಾ, ಬಾ ಮಗಾ! ಅಜ್ಜನ ಪ್ರಸಾದ. ನೀನೂ ಕುಡಿಯಬಹುದು, ಇದರಲ್ಲಿ ಎಂಥದೂ ಇಲ್ಲ!" ಎಂದರು ಚನಿಯಪ್ಪನವರು.

"ಬೇಡ! ನನಗೆ!" ಅದರಲ್ಲಿ ಬ್ರಾಂಡಿ ಬಿದ್ದದ್ದು ಗೊತ್ತಿದ್ದ ಸಂಕಪ್ಪ ಹಾರಿಹೋಗಿ ಲೋಟ ಕಸಿದುಕೊಂಡು ಗಟಗಟನೆ ಕುಡಿದುಬಿಟ್ಟ.

"ನೋಡಿ! ಅಳಿಯನಾದರೆ ಹೀಗಿರಬೇಕು. ಮಾವನ ಮೇಲೆ ಎಂಥ ಭಕ್ತಿ!"

ಭಕ್ತ ಕೊನೆಯ ಹನಿಯವರೆಗೂ ನಾಲಿಗೆ ಹೊರಳಿಸಿ ಹುಡುಕಿದ್ದ. ಹುಳಿ ಇತ್ತು, ಸಿಹಿ ಇತ್ತು, ಶುಂಠಿಯ ನಾರೂ ಇತ್ತು. ಬ್ರಾಂಡಿ ಮಾತ್ರ ನಿಜಕ್ಕೂ ಇರಲಿಲ್ಲ!

ಇದಕ್ಕೆ ಎರಡೇ ಕಾರಣಗಳಿರಬಹುದಿತ್ತು. ಒಂದೋ, ಮಾವ ಸಾಕ್ಷಾತ್ ಬಂದು ಕುಡಿದು ಹೋಗಿರಬೇಕು. ಇಲ್ಲವಾದರೆ, ಬಹರೈನಿನ ಕಾಕ್‌ಟೇಲ್ ಪಂಡಿತನಿಗೆ ಪಾನಕದ ಆಚೆ ಏನೂ ಬೆರೆಸಲು ಬರುವುದಿಲ್ಲವೆಂದು ಒಪ್ಪಿಕೊಳ್ಳಬೇಕು.

ಸಂಕಪ್ಪ ಒಂದು ಕ್ಷಣವೂ ತಡಮಾಡದೆ ಅತ್ತೆಯ ಪಕ್ಕದಲ್ಲಿ ನಿಂತು ಕೈಮುಗಿದ.

"ಹೌದತ್ತೆ, ಮಾವ ಬಂದೇ ಬಂದಿದ್ದಾರೆ!"