ಬಾಡಿಗೆ ಆಟಿಕೆಯ ಡಬ್ಬಿಯೂ ಅವ್ವನ ಕಲ್ಲುಸಕ್ಕರೆಯೂ

ಬಾಡಿಗೆಯ ವಸ್ತುಗಳ ಮೇಲೆ ನನಗೆ ಯಾವತ್ತೂ ತಾತ್ಸಾರ ಇರಲಿಲ್ಲ. ನಾನು ಸೈಕಲ್ ಕಲಿತದ್ದು ಬಾಡಿಗೆ ಸೈಕಲ್ಲಿನಲ್ಲಿ. ಅದರ ಬ್ರೇಕನ್ನು ಮಾತ್ರ ಬೇರೆ ಯಾರಿಗೋ ಬಾಡಿಗೆಗೆ ಕೊಟ್ಟಿದ್ದರೋ ಏನೋ, ನನ್ನ ಸರದಿಗೆ ಒಮ್ಮೆಯೂ ಸಿಗಲಿಲ್ಲ. ನನ್ನ ಮದುವೆಯಾದದ್ದು ಬಾಡಿಗೆ ಶಾಮಿಯಾನದ ಕೆಳಗೆ, ಊಟ ಬೆಂದದ್ದು ಬಾಡಿಗೆ ಹಂಡೆಗಳಲ್ಲಿ. ಫೋಟೋದಲ್ಲಿ ನಾನು ಹಾಕಿಕೊಂಡಿರುವ ಕೋಟಿನ ವಿಷಯ ಕೇಳದಿದ್ದರೆ ಒಳ್ಳೆಯದು. ಸಕಲೇಶಪುರದಲ್ಲಿ ನಾವಿರುವ ಮನೆಯೂ ಬಾಡಿಗೆಯದೇ. ಹಬ್ಬ ಬಂದರೆ ಸಿನಿಮಾ ನೋಡಲು ಸಿ.ಡಿ. ಪ್ಲೇಯರನ್ನು ಬಾಡಿಗೆಗೆ ತರುತ್ತೇವೆ. ಇಷ್ಟೆಲ್ಲ ಆದಮೇಲೂ, ಮಕ್ಕಳ ಆಟಿಕೆ ಬಾಡಿಗೆಗೆ ಸಿಗುತ್ತದಂತೆ ಎಂದು ನನ್ನ ಹೆಂಡತಿ ಸುಮಾ ಹೇಳಿದಾಗ ನಾನು ನಕ್ಕುಬಿಟ್ಟೆ. ಈಗ ನಗು ಬರುವುದಿಲ್ಲ. ಆ ಆಟಿಕೆಯ ಡಬ್ಬಿಯ ಮುಂದೆ ಒಂದು ಭಾನುವಾರ ಕಂಡದ್ದು, ಆಲೂರಿನ ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ ಮಾಡುತ್ತ ನಾನು ಬೋರ್ಡಿನ ಕಡೆ ತಿರುಗಿದಾಗಲೆಲ್ಲ, ಬೋರ್ಡಿನ ಮೇಲೆಯೇ ಮತ್ತೆ ನಡೆಯುತ್ತದೆ.

ಆಟಿಕೆ ಬಾಡಿಗೆಗೆ ಕೊಡುತ್ತಿದ್ದವರು ಪ್ರಮೀಳಾ, ಸುಮಾಳ ಹೊಲಿಗೆ ಕ್ಲಾಸಿನ ಗೆಳತಿ. ಅವರ ಮಕ್ಕಳು ದೊಡ್ಡವರಾಗಿದ್ದರು, ಒಂದಕ್ಕೊಂದು ಸಿಕ್ಕಿಸಿ ಮನೆ, ಸೇತುವೆ, ಲಾರಿ ಕಟ್ಟುವ ಪ್ಲಾಸ್ಟಿಕ್ ಬ್ಲಾಕುಗಳು ಮಾತ್ರ ಮನೆ ತುಂಬ ಉಳಿದಿದ್ದವು. ಅವನ್ನೆಲ್ಲ ಹಳೆಯ ಬಿಸ್ಕತ್ತಿನ ಡಬ್ಬಿಗಳಿಗೆ ತುಂಬಿ, ಇನ್ನಷ್ಟು ಕೊಂಡು ಸೇರಿಸಿ, ತಿಂಗಳ ಚಂದಾ ಇಟ್ಟು ಮನೆಯ ಮುಂದಿನ ಕೋಣೆಯಲ್ಲಿ ಒಂದು ಆಟಿಕೆ ಲೈಬ್ರರಿ ಶುರು ಮಾಡಿದ್ದರು. ಹದಿನೈದು ದಿನಕ್ಕೊಂದು ಡಬ್ಬಿ ತೆಗೆದುಕೊಂಡು ಹೋಗಬಹುದು, ಅದನ್ನು ಕೊಟ್ಟು ಬೇರೆ ತರಬಹುದು.

ಇದು ಲಾಭವೋ ನಷ್ಟವೋ ಎಂಬ ಚರ್ಚೆ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆಲ್ಲ ನಡೆಯಿತು. ಕೊಂಡ ಆಟಿಕೆ ಒಂದು ವಾರದಲ್ಲಿ ಮಂಚದ ಕೆಳಗೆ ಸೇರುತ್ತದೆ, ಬಾಡಿಗೆಯದು ಬೇಸರ ಬರುವ ಹೊತ್ತಿಗೆ ತಾನೇ ಹೊರಡುತ್ತದೆ, ನೆಂಟರಲ್ಲಿ ಕೂಡ ಈ ಗುಣ ಅಪರೂಪ ಎಂದು ನಾನು ವಾದಿಸಿದೆ. ನಗುವುದನ್ನು ಬಿಟ್ಟು ನಾನು ಯಾವಾಗ ಪಕ್ಷ ಬದಲಿಸಿದೆನೋ ನನಗೇ ತಿಳಿಯಲಿಲ್ಲ. ಅಷ್ಟರಲ್ಲಿ ಸುಮಾಳೂ ಬದಲಿಸಿದ್ದಳು. ಪರರ ವಸ್ತು ಮನೆಯಲ್ಲಿದ್ದರೆ ಮಗು ಆಡುತ್ತದೆಯೋ ಕಾವಲು ಕಾಯುತ್ತದೆಯೋ ಎಂಬುದು ಅವಳ ಪ್ರಶ್ನೆ. ಕೊನೆಗೆ ಚಂದಾ ಕಟ್ಟಿದೆವು.

ಸುಮಾ ಹೇಳಿದ್ದು ಅರ್ಧ ಸುಳ್ಳಾಯಿತು. ಕಾವಲು ಕಾಯ್ದದ್ದು ಮಗುವಲ್ಲ, ನಾನು. ಐದು ವರ್ಷದ ಸಿಂಚನಳಿಗೆ ಜಮಖಾನ ಹಾಸಿ, ಬಾಗಿಲಿಗೆ ಅಡ್ಡ ಕೂತು, ಒಂದು ತುಣುಕೂ ಹೊಸ್ತಿಲು ದಾಟದಂತೆ ನೋಡಿಕೊಂಡೆ. ಸುಮ್ಮನೆ ಕೂರುವುದೇಕೆ ಎಂದು ನಾನೂ ಒಂದು ಸೇತುವೆ ಕಟ್ಟತೊಡಗಿದೆ. ಹೇಮಾವತಿಯ ಸೇತುವೆಯಂತೆ ಕಂಬಗಳನ್ನು ನಿಲ್ಲಿಸಿ, ಭಾರ ಎಲ್ಲಿ ಬೀಳುತ್ತದೆ, ಏಕೆ ಬೀಳುತ್ತದೆ ಎಂದು ವಿವರಿಸುತ್ತ ಹೋದೆ. ಬಹಳ ಹೊತ್ತಿನ ಮೇಲೆ ಒಂದು ಸಣ್ಣ ದನಿ, “ಅಪ್ಪ, ಈಗ ನಾನು ಆಡ್ಲಾ?” ಎಂದು ಕೇಳಿತು. ಅವಳು ಕಟ್ಟಿದ್ದು ಚಾವಣಿಯಿಲ್ಲದ ಒಂದು ದನದ ಕೊಟ್ಟಿಗೆ. ಮಾಡು ಏಕಿಲ್ಲ ಎಂದರೆ, ದನಕ್ಕೆ ಆಕಾಶ ಕಾಣಬೇಕಂತೆ. ನನ್ನ ಸೇತುವೆ ಬೆಕ್ಕು ದಾಟಿದಾಗ ಬಿತ್ತು. ಕೊಟ್ಟಿಗೆ ಹದಿನೈದು ದಿನವೂ ನಿಂತಿತ್ತು.

ಬಾಡಿಗೆ ಆಟಿಕೆಯ ನಿಜವಾದ ನಷ್ಟ ನನಗೆ ತಿಳಿದದ್ದು ಡಬ್ಬಿ ಹಿಂದಿರುಗಿಸುವ ದಿನ. ಕೊಡಬೇಕಾದರೆ ಕಟ್ಟಿದ್ದನ್ನು ಕೆಡವಬೇಕು. ಸಿಂಚನ ಕೊಟ್ಟಿಗೆಯನ್ನು ತಬ್ಬಿಕೊಂಡು ಅಳತೊಡಗಿದಳು. ಆಗ ವನಗೂರಿನ ಕಡೆಯ ನಮ್ಮ ಹಳ್ಳಿಯಿಂದ ಬಂದು ನಮ್ಮ ಜೊತೆಗಿದ್ದ ಅವ್ವ ಅವಳನ್ನು ಮಡಿಲಿಗೆ ಎಳೆದುಕೊಂಡು, “ಗಣಪ್ಪನ್ನ ಹೊಳೆಗೆ ಬಿಡಾಕಿಲ್ವಾ ಮಗ? ಇದೂ ಹಂಗೇಯ. ಮುಂದಿನ ಸಲ ಮತ್ತೆ ಬತ್ತದೆ” ಎಂದರು. ಇದು ಸಿಂಚನಳಿಗೆ ಪೂರ್ತಿ ಒಪ್ಪಿಗೆಯಾಯಿತು. ಅರಿಶಿನ ಕುಂಕುಮ ಇಟ್ಟು, ಆರತಿ ಎತ್ತಿ, ಕೊಟ್ಟಿಗೆಯನ್ನು ತಾನೇ ಬಿಚ್ಚಿ ಡಬ್ಬಿಗೆ ತುಂಬಿದಳು. ಪ್ರಸಾದವೆಂದು ಅವ್ವ ಎಲ್ಲರಿಗೂ ಕಲ್ಲುಸಕ್ಕರೆ ಕೊಟ್ಟರು. ನಾನು ಹೊರಗೆ ಚಪ್ಪಲಿ ಮೆಟ್ಟುತ್ತಿದ್ದಾಗ ಇನ್ನೊಂದು ಹಿಡಿ ಕಲ್ಲುಸಕ್ಕರೆಯನ್ನು ಡಬ್ಬಿಯೊಳಕ್ಕೂ ಹಾಕಿದರು. ಇದು ನನಗೆ ಗೊತ್ತಾದದ್ದು ಆಮೇಲೆ. ನಮ್ಮ ಕಡೆ ಬೇರೆಯವರ ಮನೆಯಿಂದ ಬಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದಿಲ್ಲ. ಒಂದು ಚೂರು ಬೆಲ್ಲವಾದರೂ, ನಾಲ್ಕು ಹಸಿಮೆಣಸಿನಕಾಯಿಯಾದರೂ ಇಟ್ಟು ಕೊಡಬೇಕು. ಬ್ಲಾಕು ತುಂಬಿದ ಡಬ್ಬಿ ಖಾಲಿಯಲ್ಲವಲ್ಲ ಎಂದರೆ, ಅವ್ವನ ಲೆಕ್ಕದಲ್ಲಿ ತಿನ್ನಲು ಏನೂ ಇಲ್ಲದ ಡಬ್ಬಿ ಖಾಲಿಯೇ.

ಆ ವಾರ ಪ್ರಮೀಳಾ ಊರಲ್ಲಿರಲಿಲ್ಲ. ಡಬ್ಬಿಯನ್ನು ನಮ್ಮ ಬೀದಿಯ ಕೊನೆಯಲ್ಲಿರುವ ಲೋಕೇಶನ ಮನೆಗೆ ನೇರವಾಗಿ ಕೊಟ್ಟುಬಿಡಿ, ಮುಂದಿನ ಸರದಿ ಅವರದು ಎಂದು ಹೇಳಿ ಹೋಗಿದ್ದರು. ಲೋಕೇಶ ವನಗೂರಿನ ಎಸ್ಟೇಟುಗಳಿಗೆ ಜೀಪು ಓಡಿಸುವವನು. ಹೆಂಡತಿ ಮಂಜುಳಾ, ಮಗ ಎರಡೂವರೆ ವರ್ಷದ ಗಗನ. ಆ ಭಾನುವಾರ ನಾನೂ ಅವ್ವನೂ ಡಬ್ಬಿ ಹಿಡಿದು ಹೋದೆವು. ಮಂಜುಳಾ ಕಾಫಿ ಕೊಟ್ಟಳು. ಗಗನ ಡಬ್ಬಿ ಬೋರಲು ಹಾಕಿದ. ಬಣ್ಣಬಣ್ಣದ ಬ್ಲಾಕುಗಳ ನಡುವೆ ಕಲ್ಲುಸಕ್ಕರೆಯ ಹರಳುಗಳು ಹೊಳೆದವು. ಒಂದನ್ನು ಬಾಯಿಗಿಟ್ಟು ಕಟಕಟ ಅಗಿದ. ಎಲ್ಲಿಂದ ಬಂತು ಎಂದು ಮಂಜುಳಾ ಕೇಳಿದಳು, ಖಾಲಿ ಕೊಡಬಾರದಲ್ಲ ಎಂದು ಅವ್ವ ಹೇಳಿದರು, ಎಲ್ಲರೂ ನಕ್ಕೆವು. ಮಂಜುಳಾ ಉಳಿದ ಹರಳುಗಳನ್ನು ಆರಿಸಿ ಎತ್ತಿಟ್ಟಳು.

ಆದರೆ ಗಗನ ಅಷ್ಟರಲ್ಲಿ ಒಂದು ತೀರ್ಮಾನಕ್ಕೆ ಬಂದಾಗಿತ್ತು. ಈ ಡಬ್ಬಿಯಲ್ಲಿರುವುದು ಸಿಹಿ. ಕೆಂಪು ಬ್ಲಾಕನ್ನು ನೆಕ್ಕಿ ನೋಡಿದ, ಪಕ್ಕಕ್ಕಿಟ್ಟ. ನೀಲಿಯದನ್ನು ನೆಕ್ಕಿದ, ಪಕ್ಕಕ್ಕಿಟ್ಟ. ನಾನು ಕಾಫಿ ಲೋಟ ಹಿಡಿದು, ನೋಡು ಲೋಕೇಶ, ಇದೇ ವಿಜ್ಞಾನ, ಒಂದೊಂದನ್ನೇ ಪರೀಕ್ಷಿಸಿ ತಿಳಿಯುವುದು, ಇಂಥ ಆಟಿಕೆಗಳಿಂದ ಮಕ್ಕಳ ಬುದ್ಧಿ ಹೇಗೆ ಬೆಳೆಯುತ್ತದೆಂದರೆ ಎಂದು ಪಾಠ ಶುರು ಮಾಡಿದೆ. ಹೇಗೆ ಬೆಳೆಯುತ್ತದೆ ಎಂದು ಹೇಳಲು ಆಗಲಿಲ್ಲ. ನೆಕ್ಕುವ ಸದ್ದು ನಿಂತಿತ್ತು. ಮಗುವಿನ ಬಾಯಿ ತೆರೆದಿತ್ತು, ದನಿ ಬರುತ್ತಿರಲಿಲ್ಲ. ಲಾರಿಯ ಸಣ್ಣ ಹಳದಿ ಗಾಲಿಯೊಂದು ಗಂಟಲಿಗೆ ಸಿಕ್ಕಿತ್ತು.

ಮಗು ಅತ್ತರೆ ಮನೆಯೆಲ್ಲ ಕೇಳುತ್ತದೆ. ಅಳಲಾಗದಿದ್ದಾಗಿನ ಆ ಮೌನ ಎಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ. ಮುಖ ಕೆಂಪಾಯಿತು, ತುಟಿ ನೀಲಿಗೆ ತಿರುಗಿತು. ಲೋಕೇಶ ಹೊರಗೆ ಓಡಿದ. ಬೆಟ್ಟದ ರಸ್ತೆಯಲ್ಲಿ ಬಾಳುವವನಿಗೆ ಏನೇ ಆದರೂ ಮೊದಲು ಹೊಳೆಯುವುದು ಜೀಪು. ಸ್ಟಾರ್ಟ್ ಮಾಡಿ ಹಾರನ್ ಒತ್ತಿ ಹಿಡಿದ. ಅವ್ವ ಗೋಡೆಗೆ ಒರಗಿ ಕುಸಿದರು. ಮಂಜುಳಾ ಮಾತ್ರ ಮಗುವನ್ನು ಎಳೆದು ತೊಡೆಯ ಮೇಲೆ ಬೋರಲು ಹಾಕಿ, ತಲೆ ಕೆಳಗಾಗಿಸಿ, ಬೆನ್ನ ನಡುವೆ ಅಂಗೈಯಿಂದ ಹೊಡೆದಳು. ಮತ್ತೆ ಹೊಡೆದಳು. ಮತ್ತೆ. ಆಗ ಗಾಲಿ ನೆಲಕ್ಕೆ ಬಿದ್ದು, ನಿಜವಾದ ಗಾಲಿಯಂತೆಯೇ ಉರುಳಿಕೊಂಡು ಬಂದು ನನ್ನ ಕಾಲಿನ ಹತ್ತಿರ ನಿಂತಿತು. ಗಗನ ಬೀದಿಗೆಲ್ಲ ಕೇಳುವಂತೆ ಅತ್ತ. ಅಷ್ಟು ಚಂದದ ಅಳುವನ್ನು ನಾನು ಕೇಳಿಲ್ಲ.

ಮಂಜುಳಾ ನನ್ನ ಕಡೆ ನೋಡಿ, “ಮೇಷ್ಟ್ರೇ, ಆ ಲೋಟ ಕೆಳಗಿಡಿ” ಎಂದಳು. ನಾನು ಲೋಟ ಹಿಡಿದೇ ಕೂತಿದ್ದೆ. ಒಂದು ಹನಿ ಕಾಫಿಯೂ ಚೆಲ್ಲಿರಲಿಲ್ಲ. ಆ ಮನೆಯಲ್ಲಿ ಒಬ್ಬಳು ಮಗುವನ್ನು ಉಳಿಸಿದಳು, ಒಬ್ಬ ಜೀಪು ಹೊರಡಿಸಿದ, ನಾನು ಕಾಫಿಯನ್ನು ಕಾಪಾಡಿದೆ.

ಡಾಕ್ಟರು ನೋಡಿ, ಏನೂ ತೊಂದರೆಯಿಲ್ಲ ಎಂದರು. ತೊಂದರೆಯಾದದ್ದು ನಮ್ಮ ಅವ್ವನಿಗೆ. ಅವರು ಊಟ ಬಿಟ್ಟರು. ಸಿಂಚನ ಏನಾದರೂ ತಿನ್ನಲು ಕೇಳಿದರೆ, ನಿಮ್ಮಮ್ಮನ್ನ ಕೇಳು ಎಂದು ಕೈ ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದರು. ಬಟ್ಟೆ ಮಡಿಸಿ ಚೀಲಕ್ಕೆ ತುಂಬಿ, ಬಸ್ಸು ಹತ್ತಿಸು ಎಂದರು. ಸಕ್ಕರೆಯನ್ನು ಮಂಜುಳಾ ಎತ್ತಿಟ್ಟಿದ್ದಳು, ಸಿಕ್ಕಿಕೊಂಡದ್ದು ಗಾಲಿ ಎಂದು ನಾನು ತರ್ಕ ಹೇಳಿದೆ. ಅವ್ವ ಹೇಳಿದ್ದು ಇಷ್ಟೇ: “ರುಚಿ ತೋರ್ಸಿದ್ದು ನಾನು ಕಣೋ.”

ಮರುದಿನ ಸಂಜೆ ಮಂಜುಳಾ ಗಗನನನ್ನು ಎತ್ತಿಕೊಂಡು ಬಂದಳು. ಬೈಯಲು ಬಂದಳೆಂದು ನಾನು ಎದ್ದು ನಿಂತೆ. ಅವಳ ಕೈಯಲ್ಲಿ ಮುಚ್ಚಳದ ಸ್ಟೀಲ್ ಡಬ್ಬಿಯೊಂದಿತ್ತು. ಅದರ ತುಂಬ ಸಣ್ಣ ಏಲಕ್ಕಿ ಬಾಳೆಹಣ್ಣು. ಬಾಗಿಲ ಬಳಿಯ ಚೀಲ ನೋಡಿ ಅವಳಿಗೆ ಎಲ್ಲ ಅರ್ಥವಾಯಿತು.

“ಎಲ್ಲಿಗೆ ಹೊಂಟ್ರಿ ಅಜ್ಜಿ?”

ಅವ್ವ ಕೂತಲ್ಲೇ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

“ನಿಮ್ ಸಕ್ರೆ ಇಲ್ದಿದ್ರೂ ಇವ್ನು ಸುಮ್ನಿರ್ತಿದ್ನಾ? ಮೊನ್ನೆ ಅವರಪ್ಪನ ಚಪ್ಲಿನೇ ಕಚ್ತಾ ಕೂತಿದ್ದ. ಅದ್ರಾಗೆ ಯಾರು ಸಕ್ರೆ ಹಾಕಿದ್ರು?” ಎನ್ನುತ್ತ ಮಗುವನ್ನು ಅವ್ವನ ಮಡಿಲಲ್ಲಿ ಕೂರಿಸಿಯೇಬಿಟ್ಟಳು. “ನಿಮ್ ಸಕ್ರೆ ತಿಂದು ಖಾಲಿ ಕೈಲಿ ಬರಕಾಯ್ತದಾ ಅಂತ ಹಣ್ಣು ತಂದೆ. ನೀವೇ ತಿನ್ನಿಸಿ.”

ಅವ್ವ ಬಹಳ ಹೊತ್ತು ಗಗನನ ಬೆನ್ನು ಸವರಿದರು. ಆಮೇಲೆ ಒಂದು ಹಣ್ಣು ಸುಲಿದು, ಕಿವುಚಿ, ಬೆರಳ ತುದಿಯಲ್ಲಿ ಸ್ವಲ್ಪ ಸ್ವಲ್ಪವೇ ತಿನ್ನಿಸಿದರು. ಉಳಿದದ್ದನ್ನು ತಾವು ಬಾಯಿಗೆ ಹಾಕಿಕೊಂಡರು. ಸುಮಾ ಚೀಲವನ್ನು ಸದ್ದಿಲ್ಲದೆ ಒಳಗೆ ಒಯ್ದಳು.

ಊರಿಂದ ಬಂದ ಪ್ರಮೀಳಾ ಸುದ್ದಿ ಕೇಳಿ ಅತ್ತು, ಲೈಬ್ರರಿ ಮುಚ್ಚುತ್ತೇನೆ ಎಂದರು. ಮುಚ್ಚಬೇಡಿ ಎಂದವಳೂ ಮಂಜುಳಾಳೇ. ಈಗ ಸಣ್ಣ ಮಕ್ಕಳಿರುವ ಮನೆಗೆ ಅಂಗೈಯಗಲದ ಬ್ಲಾಕುಗಳು ಮಾತ್ರ ಹೋಗುತ್ತವೆ. ನಾವೂ ಚಂದಾ ಮುಂದುವರಿಸಿದ್ದೇವೆ. ಇದರಿಂದ ಲಾಭವೇ ಎಂದು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಯಾರಾದರೂ ಕೇಳಿದರೆ, ಲಾಭವೇ ಎನ್ನುತ್ತೇನೆ. ಆಟಿಕೆ ಮನೆಯಿಂದ ಮನೆಗೆ ಹೋಗುವುದರಿಂದ ಮನುಷ್ಯರೂ ಹೋಗಬೇಕಾಗುತ್ತದೆ, ಕೊಂಡ ಆಟಿಕೆಗೆ ಆ ಗುಣವಿಲ್ಲ. ಆದರೆ ಹೇಳುವಾಗ ನನ್ನ ಕೈ ತಾನಾಗಿ ಗಂಟಲಿನ ಹತ್ತಿರ ಹೋಗಿರುತ್ತದೆ.

ಒಂದು ತೊಂದರೆ ಉಳಿಯಿತು. ಮಂಜುಳಾಳ ಸ್ಟೀಲ್ ಡಬ್ಬಿ ನಮ್ಮ ಮನೆಯಲ್ಲಿತ್ತು. ಖಾಲಿ ಕೊಡುವಂತಿಲ್ಲ. ಏನು ಹಾಕುವುದೆಂದು ನಾನು ದಿನಗಟ್ಟಲೆ ಯೋಚಿಸಿದೆ. ಕಡಲೆಬೀಜ, ದ್ರಾಕ್ಷಿ, ಬೆಲ್ಲದಚ್ಚು, ಅಡುಗೆಮನೆಯಲ್ಲಿ ಏನು ಕಂಡರೂ ಗಂಟಲಿನ ಅಳತೆಗೆ ಮಾಡಿಸಿದಂತಿತ್ತು. ಕೊನೆಗೆ ಅವ್ವನೇ ಡಬ್ಬಿ ತುಂಬಿ ನನ್ನ ಕೈಗಿಟ್ಟರು. “ಕಾಫಿಪುಡಿ ಹಾಕಿವ್ನಿ ಕಣೋ. ಯಾರ ಗಂಟ್ಲಿಗೂ ಸಿಕ್ಕಾಕಿಲ್ಲ. ನೀನೂ ಕುಡ್ದು ಬಾ, ಲೋಟ ಹಿಡ್ಕೊಳದು ನಿಂಗೆ ಚೆನ್ನಾಗಿ ಬತ್ತದೆ.”

ಹೋದೆ. ಮಂಜುಳಾ ಅದೇ ಪುಡಿಯಲ್ಲಿ ಕಾಫಿ ಮಾಡಿ ತಂದಳು. ನಾನು ಲೋಟವನ್ನು ನೆಲದ ಮೇಲಿಟ್ಟು, ಎರಡೂ ಕೈ ಖಾಲಿ ಇಟ್ಟುಕೊಂಡು, ಗಗನ ಅಂಗೈಯಗಲದ ಬ್ಲಾಕುಗಳಲ್ಲಿ ಆಡುವುದನ್ನು ರೆಪ್ಪೆ ಮಿಟುಕಿಸದೆ ನೋಡುತ್ತ ಕೂತೆ. ಏಳುವ ಹೊತ್ತಿಗೆ ಕಾಫಿ ಆರಿಹೋಗಿ ಮೇಲೆ ಕೆನೆ ಕಟ್ಟಿತ್ತು. ಪುಡಿ ಸರಿ ಇಲ್ಲವೇ ಮೇಷ್ಟ್ರೇ ಎಂದು ಮಂಜುಳಾ ಕೇಳಿದಳು. ಬಹಳ ಚೆನ್ನಾಗಿದೆ ಎಂದೆ.