ಆರು ಟರ್ಕಿ ತತ್ತಿ ಮತ್ತು ನನ್ನ ವಾದ ಮಂಡನೆ

ಟರ್ಕಿ ಕೋಳಿಯ ಮರಿಗಳು ಶುದ್ಧ ದಡ್ಡ, ಮುಂದೆ ನುಚ್ಚು ಇಟ್ಟರೂ ತಿನ್ನಲು ತಿಳಿಯದೆ ಉಪವಾಸ ಸಾಯುತ್ತವೆ ಎಂದು ಸಾಕಿದವರೆಲ್ಲ ಹೇಳುತ್ತಾರೆ. ಈ ಹೇಳಿಕೆಯನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ನಾಲ್ಕು ಟರ್ಕಿ ಮರಿಗಳ ಎದುರು ಎರಡೂವರೆ ದಿನ ಕೂತು ಬಂದವಳು ನಾನು. ಅಲ್ಲಿ ಏನೂ ತಿಳಿಯದೆ ಕೂತಿದ್ದವರು ಒಟ್ಟು ಐದು ಜನ. ಮರಿಗಳನ್ನು ಮಾತ್ರ ದೂರುವುದು ಪಕ್ಷಪಾತ.

ನನ್ನ ಅರ್ಹತೆಯನ್ನು ಮೊದಲೇ ಹೇಳಿಬಿಡುತ್ತೇನೆ. ಕಾಲೇಜಿನ ಮೂರು ವರ್ಷವೂ ಚರ್ಚಾಸ್ಪರ್ಧೆಗೆಂದು ಕೊಪ್ಪಳ, ಗಂಗಾವತಿ, ಯಲಬುರ್ಗಾ ತಿರುಗಿ ಷೀಲ್ಡು ಹೊತ್ತು ತಂದಿದ್ದೇನೆ. ಪರ ಎಂದರೆ ಪರ, ವಿರೋಧ ಎಂದರೆ ವಿರೋಧ, ಐದು ನಿಮಿಷದ ತಯಾರಿ ಸಾಕು. ಕೋಳಿ ಸಾಕಣೆಯಲ್ಲಿ ನನಗಿದ್ದ ಅರ್ಹತೆಯೂ ಇಷ್ಟೇ.

ಕುಷ್ಟಗಿಯಲ್ಲಿ ನಮ್ಮ ಪಕ್ಕದ ಮನೆ ಮಾಬೂಬಿ ಚಾಚಿಯದು. ಅವರ ಬಳಿ ಒಂದು ಜೋಡಿ ಟರ್ಕಿ ಇದ್ದವು. ಮುನಿರಾಬಾದಿಗೆ ಕೊಟ್ಟ ಮಗಳು, ಚಾಚಿಗೆ ಒಂಟಿ ಅನಿಸಬಾರದೆಂದು ತಂದುಕೊಟ್ಟವು. ಓಣಿಯಲ್ಲಿ ಯಾವ ಬೈಕು ಹಾರ್ನ್ ಹೊಡೆದರೂ ಗಂಡು ಟರ್ಕಿ ಎದೆಯುಬ್ಬಿಸಿ ಉತ್ತರ ಕೊಡುತ್ತಿತ್ತು. ಹೆಣ್ಣು ಚಾಚಿಯ ಹಿಂದೆಯೇ ಅಡುಗೆಮನೆಗೆ ಬರುತ್ತಿತ್ತು. ಒಂದು ಮಧ್ಯಾಹ್ನ ಆ ಹೆಣ್ಣನ್ನು ನಾಯಿಗಳು ಎಳೆದೊಯ್ದವು. ಉಳಿದದ್ದು ಚಾಚಿ ಒಳಗೆ ತೆಗೆದಿಟ್ಟಿದ್ದ ಆರು ತತ್ತಿ. ಮರುದಿನ ಅವನ್ನು ಸೆರಗಿನಲ್ಲಿ ಕಟ್ಟಿಕೊಂಡು ನಮ್ಮ ಮನೆಗೆ ಬಂದು ಅವ್ವನನ್ನು ಕೂಗಿದರು.

"ಲಕ್ಷ್ಮವ್ವಾ, ನಿಮ್ಮ ಕೆಂಪು ಕೋಳಿ ಕಾವಿಗಿ ಕುಂತೈತಂತಲ್ಲ. ಇವನ್ನ ಇಡ್ತಿ ಏನವಾ? ಅದರದು ಇಷ್ಟ ಉಳದೈತಿ ನೋಡು."

ಚಾಚಿ ಅಳಲಿಲ್ಲ. ಕಂದು ಚುಕ್ಕೆಯ ಆ ದೊಡ್ಡ ತತ್ತಿಗಳನ್ನು ಒಂದೊಂದಾಗಿ ಸೆರಗಿನಿಂದ ಒರೆಸಿ ಕೊಟ್ಟರು. ಅವ್ವ ಬಾಯಿ ತೆರೆಯುವ ಮೊದಲೇ ನಾನು, "ಕೊಡ್ರಿ ಚಾಚಿ, ಎಲ್ಲಾ ನಾ ನೋಡ್ಕೊಂತೀನಿ. ಇದರಾಗ ಏನೈತಿ?" ಅಂದೆ.

ಏನಿದೆ ಎಂದು ಗೊತ್ತಿರಲಿಲ್ಲ. ಅದಕ್ಕೇ ಅಂದೆ.

ಅವ್ವ ಬುಟ್ಟಿ ತಂದು, ಉಸುಕು ಹರವಿ, ಮೇಲೆ ಹೊಟ್ಟು ಹಾಕಿ, ಬದಿಗೆ ಒಂದು ಕಬ್ಬಿಣದ ಮೊಳೆ, ಎರಡು ಒಣಮೆಣಸಿನಕಾಯಿ, ಒಂದು ಚೂರು ಇದ್ದಿಲು ಇಟ್ಟಳು.

"ಇವು ಯಾಕವ್ವಾ?"

"ಗುಡುಗಿಗೆ ತತ್ತಿ ಕೆಡಬಾರದಂತ."

"ಗುಡುಗು ಮೆಣಸಿನಕಾಯಿಗಿ ಅಂಜತೈತೇನು?"

"ನಿನಗ ತಿಳೀದಿದ್ರ ಸುಮ್ನಿರು."

ಸುಮ್ಮನಿರುವ ಸ್ಪರ್ಧೆಗೆ ನಾನು ಎಂದೂ ಹೆಸರು ಕೊಟ್ಟವಳಲ್ಲ. ಮೂರೂ ವಸ್ತುಗಳನ್ನು ಒಂದೊಂದಾಗಿ ಖಂಡಿಸಿ ಹೊರಗೆ ತೆಗೆದೆ. ಮೆಣಸಿನಕಾಯಿ ಆ ದಿನದ ಚಟ್ನಿಗೆ ಸೇರಿತು.

"ಆರು ಬ್ಯಾಡ," ಅವ್ವ ಮುಂದಿನ ಅಂಶಕ್ಕೆ ಬಂದಳು. "ಜೋಡಿ ಲೆಕ್ಕದಾಗ ಕಾವಿಗಿ ಇಡಬಾರದು. ನಮ್ಮದೊಂದು ಕೋಳಿ ತತ್ತಿ ಸೇರಸು, ಏಳಾಗ್ಲಿ."

"ಮೊದಲನೇದು, ಕೋಳಿಗೆ ಎಣಿಸಾಕ ಬರೂದಿಲ್ಲ. ಎರಡನೇದು, ಕೋಳಿ ತತ್ತಿ ಇಪ್ಪತ್ತೊಂದು ದಿನಕ್ಕ ಒಡೀತೈತಿ, ಟರ್ಕಿಗೆ ಇಪ್ಪತ್ತೆಂಟು ದಿನ ಬೇಕು. ಇವತ್ತ ಎರಡೂ ಕೂಡಿ ಇಟ್ರ ಕೋಳಿ ಮರಿ ಒಂದು ವಾರ ಮೊದಲ ಹೊರಗ ಬರ್ತೈತಿ. ತಾಯಿ ಅದನ್ನ ಕರ್ಕೊಂಡು ಎದ್ದು ಹೋಗ್ತೈತಿ. ಚಾಚಿ ತತ್ತಿ ತಣ್ಣಗಾಗಿ ಕೆಡ್ತಾವ. ಹೌದಿಲ್ಲೋ?"

ಅವ್ವ ಕೈಯಲ್ಲಿದ್ದ ಕೋಳಿ ತತ್ತಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಆತು ಬಿಡು" ಅಂದಳು. ಪ್ರತಿಪಕ್ಷ ಇಷ್ಟು ಬೇಗ ಶರಣಾದದ್ದು ನನ್ನ ಅನುಭವದಲ್ಲೇ ಮೊದಲು. ಆಗಲೇ ಅನುಮಾನ ಬರಬೇಕಿತ್ತು.

ಮೊದಲ ದಿನವೇ ಕೆಂಪು ಕೋಳಿ ನನ್ನ ಮುಂಗೈ ಕುಕ್ಕಿದ್ದರಿಂದ ಮುಂದಿನ ಮೇಲ್ವಿಚಾರಣೆಯನ್ನೆಲ್ಲ ನಾಲ್ಕು ಅಡಿ ದೂರದಿಂದ ನಡೆಸಿದೆ. ನೀರು, ಕಾಳು, ಕೋಳಿಯನ್ನು ಎಬ್ಬಿಸಿ ಕೂರಿಸುವುದು ಇಂಥ ಸಣ್ಣಪುಟ್ಟ ಕೆಲಸ ಅವ್ವನದು. ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕುವ ಮುಖ್ಯ ಕೆಲಸ ನನ್ನದು. ಇಪ್ಪತ್ತೊಂದು ಗೀಟು ದಾಟಿದಾಗ ಓಣಿಯ ಹೆಂಗಸರು, "ಎಲ್ಲಾ ಕೊಳತಿರಬೇಕು, ಒಗದ್ ಬಿಡ್ರಿ" ಅಂದರು. ಚಾಚಿಯ ಮುಖ ಸಣ್ಣದಾಯಿತು. ನಾನು ಏಳು ನಿಮಿಷ ಮಾತಾಡಿ ಇಪ್ಪತ್ತೆಂಟನ್ನು ಸ್ಥಾಪಿಸಿದೆ.

ಇಪ್ಪತ್ತೆಂಟನೆಯ ದಿನ ಬೆಳಿಗ್ಗೆ ಬುಟ್ಟಿಯಿಂದ ಕೀಚು ಕೀಚು ಸದ್ದು. ಅವ್ವ ಕೋಳಿಯನ್ನು ಎತ್ತಿದಳು. ಉದ್ದ ಕಾಲು, ಉದ್ದ ಕೊರಳಿನ ನಾಲ್ಕು ಮರಿ, ಎರಡು ಒಡೆಯದ ತತ್ತಿ, ಜೊತೆಗೆ ಗಿಡ್ಡನೆಯ ಕಪ್ಪು ಮರಿ ಒಂದು.

"ಇದ್ಯಾಕ ಬೇಟಿ ಹಿಂಗ ಸಣ್ಣದೈತಿ?" ಎಂದು ಚಾಚಿ ಕೇಳಿದರು.

ಬೆಳವಣಿಗೆ ಕುಂಠಿತಗೊಂಡ ಟರ್ಕಿ ಅದು ಎಂದು ವಿವರಿಸಿದೆ. ಒಂದೇ ಬುಟ್ಟಿಯಲ್ಲಿ ಎಲ್ಲರಿಗೂ ಒಂದೇ ಶಾಖ ಸಿಗುವುದಿಲ್ಲ, ಅಂಚಿನಲ್ಲಿದ್ದವರು ಹಿಂದುಳಿಯುತ್ತಾರೆ ಎಂದು ಸಾಮಾಜಿಕ ನ್ಯಾಯದ ಕಡೆಗೂ ಹೋಗಿ ಬಂದೆ. ಚಾಚಿ ಅವ್ವನ ಮುಖ ನೋಡಿದರು. ಅವ್ವ ಕೆಮ್ಮಿದಳು.

ಕೋಳಿಯಿಂದ ಟರ್ಕಿಗೆ ರೋಗ ತಗಲುತ್ತದೆಂದು ಮೊಬೈಲಿನಲ್ಲಿ ಓದಿದ್ದೆ. ಅದು ನಿಜವೂ ಹೌದು. ಹಾಗಾಗಿ ನಾಲ್ಕು ಮರಿಗಳನ್ನು ಮಿಕ್ಸರ್ ಬಂದಿದ್ದ ರಟ್ಟಿನ ಡಬ್ಬಿಗೆ ಹಾಕಿದೆ.

"ಸಣ್ಣದನ್ನೂ ಅದರಾಗ ಹಾಕು," ಅಂದಳು ಅವ್ವ.

"ಅದು ಬದುಕೂದು ಕಷ್ಟ ಅವ್ವಾ. ಕೋಳಿ ಹಂತ್ಯಾಕ ಬೆಚ್ಚಗ ಇರ್ಲಿ."

ಡಬ್ಬಿಯೊಳಗೆ ಎಲ್‌ಇಡಿ ಬಲ್ಬು ಇಳಿಬಿಟ್ಟೆ. ಬೆಳಕು ಬಂತು, ಬಿಸಿ ಬರಲಿಲ್ಲ. ಮರಿಗಳು ನಡುಗತೊಡಗಿದಾಗ ಚಾಚಿ ಟ್ರಂಕಿನಿಂದ ಹಳೆಯ ಹಳದಿ ಬಲ್ಬು ಹುಡುಕಿ ತಂದರು. ತಟ್ಟೆಯಲ್ಲಿ ನೀರಿಟ್ಟೆ, ಒಂದು ಮರಿ ಅದರಲ್ಲಿ ಇಳಿದು ನಿಂತಿತು. ಸಜ್ಜೆ ನುಚ್ಚು ಇಟ್ಟೆ; ಅದರ ಮೇಲೆ ನಡೆದಾಡಿದವು. ಕುದಿಸಿದ ತತ್ತಿಯ ಹಳದಿಯನ್ನು ಪುಡಿ ಮಾಡಿ ಹಾಕಿದೆ. ಅದರ ಮೇಲೆ ನಿದ್ದೆ ಹೋದವು. ಅವು ಕುಕ್ಕಿದ್ದು ಎರಡನ್ನೇ, ಒಂದರ ಕಾಲನ್ನು ಇನ್ನೊಂದು, ಮತ್ತು ನನ್ನ ಉಗುರಿನ ಕೆಂಪು ಬಣ್ಣವನ್ನು.

ಅದನ್ನೇ ಸಾಕ್ಷ್ಯವಾಗಿ ಹಿಡಿದು, ಬೆರಳಿನಿಂದ ನುಚ್ಚನ್ನು ಟಕಟಕ ಕುಟ್ಟಿ ತೋರಿಸಿದೆ. ನಾಲ್ಕೂ ನನ್ನ ಉಗುರು ಕುಕ್ಕಿದವು. ನುಚ್ಚು ಹಾಗೇ ಉಳಿಯಿತು. ಉಗುರಿನ ಬಣ್ಣ ತೆಗೆದು ಕುಟ್ಟಿದೆ. ಆಸಕ್ತಿಯನ್ನೇ ಕಳೆದುಕೊಂಡವು. ಕೊನೆಗೆ ಡಬ್ಬಿಯ ಮೇಲೆ ಬಾಗಿ, ಒಂದು ಚಿಟಿಕೆ ನುಚ್ಚು ನಾನೇ ಬಾಯಿಗೆ ಹಾಕಿಕೊಂಡು ಅಗಿದು ತೋರಿಸಿದೆ. ಅಷ್ಟರಲ್ಲಿ ಹಾಲು ಹಾಕುವ ಅಕ್ಕ ಬಾಗಿಲಿಗೆ ಬಂದರು. ಹಾಲು ಅಲ್ಲೇ ಇಟ್ಟು ಏನೂ ಕೇಳದೆ ಹೋದರು.

ಮೂರನೆಯ ದಿನ ಮಧ್ಯಾಹ್ನ ಒಂದು ಮರಿ ಕೊರಳು ನೆಲಕ್ಕೆ ಹಾಕಿತು. ಉಳಿದ ಮೂರರ ಕೀಚು ಸದ್ದೂ ತೆಳ್ಳಗಾಗಿತ್ತು. ಚಾಚಿ ಬಾಗಿಲಲ್ಲಿ ನಿಂತು ನೋಡಿದರು. ಬೈದಿದ್ದರೆ ಉತ್ತರ ಕೊಡುತ್ತಿದ್ದೆ.

"ಹೋದ್ರ ಹೋಗ್ಲಿ ಬಿಡು ಬೇಟಿ. ನೀ ಎರಡು ದಿನ ಆತು ಸರಿಯಾಗಿ ಉಂಡಿಲ್ಲ. ಎದ್ದು ಉಣ್ಣು."

ನಾನು ಏಳದೆ ಮತ್ತೊಮ್ಮೆ ಬೆರಳಿನಿಂದ ನುಚ್ಚು ಕುಟ್ಟಿದೆ.

ಆಗ ಅವ್ವ ಹಿತ್ತಲಿನಿಂದ ಬಂದಳು. ಒಂದು ಕೈಯಲ್ಲಿ ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿಯ ಹಸಿರು ತಪ್ಪಲು, ಇನ್ನೊಂದರಲ್ಲಿ ಆ ಗಿಡ್ಡ ಕಪ್ಪು ಮರಿ. "ಸರಿ ಅತ್ತಾಗ," ಎಂದು ನನ್ನನ್ನು ಪಕ್ಕಕ್ಕೆ ತಳ್ಳಿ, ತಪ್ಪಲನ್ನು ನುಚ್ಚಿನ ಮೇಲೆ ಉದುರಿಸಿ, ಮರಿಯನ್ನು ಡಬ್ಬಿಗೆ ಬಿಟ್ಟಳು.

ಬದುಕುವುದು ಕಷ್ಟವೆಂದು ನಾನು ತೀರ್ಪು ಕೊಟ್ಟಿದ್ದ ಆ ಮರಿ, ಇಳಿದ ಕ್ಷಣವೇ ಕಾಲಿನಿಂದ ಕೆದರಿ ಟಕ್ ಟಕ್ ಎಂದು ತಿನ್ನತೊಡಗಿತು. ಮೂರು ಉದ್ದ ಕೊರಳು ಅದರ ಕಡೆ ತಿರುಗಿದವು. ಒಂದು ಮೆಲ್ಲಗೆ ಬಂದು, ಅದು ಕುಕ್ಕಿದಲ್ಲೇ ತಾನೂ ಕುಕ್ಕಿತು. ಕೊಕ್ಕಿಗೆ ಹಸಿರು ಚೂರು ಸಿಕ್ಕಿತು. ನುಂಗಿತು. ಆಮೇಲೆ ಎರಡನೆಯದು, ಮೂರನೆಯದು. ಮಲಗಿದ್ದ ಮರಿಯ ಕೊಕ್ಕನ್ನು ಅವ್ವ ನೀರಿಗೆ ಅದ್ದಿ ಅದ್ದಿ ಕುಡಿಸಿದಳು. ಸ್ವಲ್ಪ ಹೊತ್ತಿಗೆ ಕಪ್ಪು ಮರಿ ಎಳೆದಾಡುತ್ತಿದ್ದ ತಪ್ಪಲಿನ ಇನ್ನೊಂದು ತುದಿ ಆ ನಾಲ್ಕನೆಯದರ ಬಾಯಲ್ಲಿತ್ತು. ರಟ್ಟಿನ ಮೇಲೆ ಐದು ಕೊಕ್ಕುಗಳ ಸದ್ದು ಕೇಳುತ್ತ ಚಾಚಿ ಹೊಸ್ತಿಲ ಮೇಲೇ ಕುಸಿದು ಕೂತು ಕಣ್ಣೊರೆಸಿಕೊಂಡರು. ನಾನು ಗೋಡೆಗೆ ಒರಗಿದೆ.

"ಈ ಸಣ್ಣ ಟರ್ಕಿ ಭಾಳ ಶಾಣ್ಯಾ ಐತಲ್ಲವ್ವಾ," ಅಂದೆ.

"ಅದು ಟರ್ಕಿ ಎಲ್ಲಿಂದವಾ? ನಮ್ಮ ಕೋಳಿ ಮರಿ ಅದು. ನೀನ ಹೇಳಿದ್ದಲ್ಲ, ವಾರ ಮೊದಲ ಒಡೀತೈತಿ ಅಂತ. ಅದಕ್ಕ ವಾರ ಬಿಟ್ಟು ಆ ಕೋಳಿ ತತ್ತಿ ಇಟ್ಟೆ."

ಚಾಚಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಾನು ಲೆಕ್ಕ ಹಾಕಿದೆ. ಮರಿ ಐದು, ಒಡೆಯದ ತತ್ತಿ ಎರಡು. ಇಟ್ಟದ್ದು ಆರು, ಸಿಕ್ಕದ್ದು ಏಳು. ಎಣಿಸಲು ಬಾರದ್ದು ಕೋಳಿಗೆ ಮಾತ್ರವಲ್ಲ.

ಈಗ ನಾಲ್ಕು ಟರ್ಕಿಗಳೂ ಚಾಚಿಯ ಅಂಗಳದಲ್ಲಿ ಮೊಣಕಾಲೆತ್ತರಕ್ಕೆ ಬೆಳೆದಿವೆ. ಕೋಳಿ ಮರಿಯೂ ಅಲ್ಲೇ ಇದೆ. ಅದು ಮೊದಲ ಕಾಳು ಕುಕ್ಕುವವರೆಗೆ ಉಳಿದವು ಕಾಯುತ್ತವಂತೆ. ಓದಿದ ಹುಡುಗಿ ಮರಿಗಳನ್ನು ಬದುಕಿಸಿದಳು ಎಂದು ಓಣಿಯಲ್ಲಿ ಮಾತಿದೆ. ಚಾಚಿ ಹಾಗೆ ಹೇಳುತ್ತಾರೆ, ನಾನು ತಿದ್ದಲು ಹೋಗಿಲ್ಲ.

ಆದರೆ ವಾದ ಪೂರ್ತಿ ಸೋತೆನೆಂದು ಒಪ್ಪಿಕೊಳ್ಳಲು ಮನಸ್ಸು ಬರುವುದಿಲ್ಲ. ನಿನ್ನೆ ಅವ್ವ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಾಗ ಎದುರು ಕೂತು ಕೇಳಿದೆ. ಮೊರದ ಸದ್ದು ನಿಲ್ಲಲಿಲ್ಲ.

"ಅವ್ವಾ, ಖರೇ ಹೇಳು. ಅವತ್ತು ನಾ ಅಷ್ಟು ವಾದ ಮಾಡಿರ್ಲಿಲ್ಲಂದ್ರ, ಆ ಕೋಳಿ ತತ್ತಿ ಮೊದಲನೇ ದಿನಾನ ಇಟ್ಟು ಎಲ್ಲಾ ಕೆಡಸ್ತಿದ್ದಿ, ಹೌದಿಲ್ಲೋ?"